ಗಂಡು ಜಿಂಕೆಯ ಕೊಂಬನ್ನು ವರ್ಷವಿಡೀ ಗಮನಿಸುವುದು ಹೇಗೆ

ನಾಗರಹೊಳೆಗೋ ಬಂಡೀಪುರಕ್ಕೋ ಹೋಗಿ ಬಂದವರನ್ನು ಮಾತನಾಡಿಸಿ ನೋಡಿ. ಹುಲಿ ಕಂಡಿತೋ ಇಲ್ಲವೋ ಎಂಬುದು ಮೊದಲ ಮಾತು. ಆನೆಗಳ ಸುದ್ದಿ ಆಮೇಲೆ. ಜಿಂಕೆಗಳ ವಿಷಯ ಕೇಳಿದರೆ "ಬೇಕಾದಷ್ಟಿದ್ದವು" ಎಂದು ಮುಗಿಸಿಬಿಡುತ್ತಾರೆ. ಆ ಬೇಕಾದಷ್ಟು ಜಿಂಕೆಗಳಲ್ಲಿ ಗಂಡುಗಳ ಕೊಂಬು ರೋಮ ಹೊದ್ದು ಮೆತ್ತಗಿತ್ತೋ, ಒಣಗಿ ಗಟ್ಟಿಯಾಗಿತ್ತೋ, ಉದುರಿಹೋಗಿ ತಲೆ ಬೋಳಾಗಿತ್ತೋ ಎಂದು ಕೇಳಿದರೆ ಹೇಳಬಲ್ಲವರು ಸಿಗುವುದಿಲ್ಲ. ಇದು ನನಗೆ ಬೇಸರದ ಸಂಗತಿ. ಮೂಳೆ, ಚರ್ಮ, ರಕ್ತನಾಳ, ನರ ಎಲ್ಲವೂ ಕೂಡಿದ ಇಡೀ ಅಂಗವೊಂದು ಬಿದ್ದುಹೋಗಿ, ಅದೇ ಜಾಗದಲ್ಲಿ ಪೂರ್ತಿಯಾಗಿ ಮತ್ತೆ ಹುಟ್ಟುವುದು ಸಸ್ತನಿಗಳಲ್ಲಿ ಜಿಂಕೆ ಕುಲಕ್ಕೆ ಮಾತ್ರ ಸಾಧ್ಯವಾಗಿರುವ ಕೆಲಸ. ಅದು ನಮ್ಮ ಜೀಪಿನಿಂದ ಹತ್ತು ಮಾರು ದೂರದಲ್ಲಿ, ಹಗಲು ಬೆಳಕಿನಲ್ಲಿ ನಡೆಯುತ್ತಿರುತ್ತದೆ. ಅದನ್ನು ನೋಡಲು ಅದೃಷ್ಟ ಬೇಕಿಲ್ಲ. ಏನನ್ನು ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು.

ನಾನು ಹುಣಸೂರು ತಾಲ್ಲೂಕಿನ ಕಾಡಂಚಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ಮೂಳೆ ಹೇಗೆ ಬೆಳೆಯುತ್ತದೆ ಎಂಬ ಪಾಠ ತಲೆಗೆ ಹತ್ತಿದ್ದು ಪಠ್ಯದ ಚಿತ್ರದಿಂದಲ್ಲ, ಊರಾಚೆಯ ಹಡ್ಲಿನಲ್ಲಿ ಮೇಯುತ್ತಿದ್ದ ಚುಕ್ಕೆ ಜಿಂಕೆಗಳಿಂದ. ಇಲ್ಲಿ ಬರೆದಿರುವ ವಿಧಾನ ಆ ಮಕ್ಕಳೊಂದಿಗೆ ಸೇರಿ ರೂಢಿಸಿಕೊಂಡದ್ದು. ಒಂದೇ ಸಲ ಸಫಾರಿಗೆ ಹೋಗುವವರಿಗೂ ಇದರಿಂದ ಉಪಯೋಗವಿದೆ. ಒಂದೇ ಜಾಗಕ್ಕೆ ಬೇರೆ ಬೇರೆ ತಿಂಗಳುಗಳಲ್ಲಿ ಹೋಗಬಲ್ಲವರಿಗಂತೂ ಪೂರ್ಣ ಫಲ ಸಿಗುತ್ತದೆ.

ಯಾರ ತಲೆಯ ಮೇಲೆ ಯಾವ ಕೊಂಬು

ದನ, ಎಮ್ಮೆ, ಆಡು, ಕಾಟಿ, ಕೃಷ್ಣಮೃಗ, ಕೊಂಡುಕುರಿ ಇವುಗಳ ಕೊಂಬು ಜೀವಮಾನಕ್ಕೆ ಒಂದೇ. ಒಳಗೆ ಮೂಳೆಯ ತಿರುಳು, ಹೊರಗೆ ನಮ್ಮ ಉಗುರಿನಲ್ಲಿರುವ ಕೆರಾಟಿನ್ನಿನದೇ ಕವಚ. ಅದು ಬುಡದಿಂದ ಬೆಳೆಯುತ್ತದೆ, ಕವಲೊಡೆಯುವುದಿಲ್ಲ, ಉದುರುವುದಿಲ್ಲ. ಜಿಂಕೆ ಕುಲದ್ದು ಕವಲುಗೊಂಬು. ಅದು ಇಡಿಯಾಗಿ ಮೂಳೆ, ತುದಿಯಿಂದ ಬೆಳೆಯುತ್ತದೆ, ಕಾಲ ಬಂದಾಗ ಕಳಚಿ ಬೀಳುತ್ತದೆ. ಉತ್ತರ ಧ್ರುವದ ಕಡೆಯ ಹಿಮಸಾರಂಗದಲ್ಲಿ ಹೆಣ್ಣಿಗೂ ಕೊಂಬಿದೆ. ಬೇರೆ ಜಾತಿಗಳಲ್ಲಿ ಅದು ಗಂಡಿಗೆ ಮಾತ್ರ. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಜನ ಜಿಂಕೆ ಎಂದೇ ಕರೆಯುತ್ತಾರಾದರೂ ಇಲ್ಲಿಂದ ಮುಂದೆ ಬರೆಯುವ ಯಾವ ಮಾತೂ ಅವುಗಳಿಗೆ ಹೊಂದುವುದಿಲ್ಲ.

ನಮ್ಮ ಕಾಡುಗಳಲ್ಲಿ ಕವಲುಗೊಂಬಿನ ಪ್ರಾಣಿಗಳು ಮೂರು: ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ. ಕೂರ ಎಂದು ಕರೆಯುವ ಪುಟ್ಟ ಪ್ರಾಣಿಗೆ ಕೊಂಬೇ ಇಲ್ಲ; ಅದರ ಕುಲವೂ ಬೇರೆ.

ಚುಕ್ಕೆ ಜಿಂಕೆಯ ಕೊಂಬು ಸಪೂರ. ಹಿಂದಕ್ಕೆ, ಹೊರಕ್ಕೆ ಬಾಗಿ ಮತ್ತೆ ಮೇಲಕ್ಕೆ ತಿರುಗುತ್ತದೆ. ಒಂದೊಂದು ಬದಿಗೆ ಮೂರು ಮೊನೆಗಳು: ಹಣೆಯ ಮೇಲೆ ಮುಂದಕ್ಕೆ ಚಾಚಿದ್ದು ಒಂದು, ಮೇಲೆ ದಂಡ ಕವಲೊಡೆದು ಎರಡು. ಮೇಲಿನ ಎರಡರಲ್ಲಿ ಹೊರಗಿನದು ಉದ್ದ. ಹಣೆಯ ಮೊನೆ ದಂಡಕ್ಕೆ ಹೆಚ್ಚುಕಡಿಮೆ ಲಂಬಕೋನದಲ್ಲಿ ನಿಲ್ಲುತ್ತದೆ. ಕಡವೆಗೂ ಮೂರೇ ಮೊನೆ, ಆದರೆ ದಂಡ ಬಹಳ ದಪ್ಪ, ಮೈ ಒರಟು, ಹಣೆಯ ಮೊನೆಗೂ ದಂಡಕ್ಕೂ ನಡುವಿನ ಕೋನ ಕಿರಿದು. ಚೆನ್ನಾಗಿ ಬೆಳೆದ ಕಡವೆಯ ಕೊಂಬು ಒಂದು ಮೀಟರ್ ಮುಟ್ಟುವುದುಂಟು. ಕಾಡುಕುರಿಯದು ಬೇರೆಯೇ ರೀತಿ. ಅದರ ಹಣೆಯಿಂದ ರೋಮ ಮುಚ್ಚಿದ ಎರಡು ಉದ್ದ ಮೂಳೆಕಂಬಗಳು ಎದ್ದಿರುತ್ತವೆ, ಅವುಗಳ ತುದಿಯಲ್ಲಿ ಬೆರಳುದ್ದದ ಚಿಕ್ಕ ಕೊಂಬು. ಉದುರುವುದು ಆ ತುದಿ ಮಾತ್ರ. ಕಾಡುಕುರಿಯನ್ನು ನಿಂತು ನೋಡುವ ಅವಕಾಶ ಅಪರೂಪ. ಹಾಗಾಗಿ ಅಭ್ಯಾಸವನ್ನು ಚುಕ್ಕೆ ಜಿಂಕೆಯಿಂದಲೇ ಆರಂಭಿಸಿ.

ಮೊನೆಗಳನ್ನು ಎಣಿಸಿ ವಯಸ್ಸು ಹೇಳುವ ರೂಢಿಯನ್ನು ದಯವಿಟ್ಟು ಬಿಟ್ಟುಬಿಡಿ. ಸಫಾರಿ ವಾಹನಗಳಲ್ಲಿ ದಿನವೂ ಕೇಳುವ ಮಾತಿದು. ಎಳೆಯ ಗಂಡಿಗೆ ಮೊದಲ ಸಲ ಕವಲಿಲ್ಲದ ನೇರ ಕಡ್ಡಿಗಳು ಬರುತ್ತವೆ. ಅಷ್ಟರ ಮಟ್ಟಿಗೆ ಅದು ಎಳೆಯದು ಎಂದು ಹೇಳಬಹುದು. ಬೆಳೆದ ಮೇಲೆ ಐದು ವರ್ಷದ್ದಕ್ಕೂ ಎಂಟು ವರ್ಷದ್ದಕ್ಕೂ ಮೂರೇ ಮೊನೆ. ಕೊಂಬಿನ ಉದ್ದ, ದಪ್ಪಗಳು ಆ ವರ್ಷದ ಮೇವು, ಆರೋಗ್ಯ, ಗಾಯಗಳನ್ನು ಅವಲಂಬಿಸಿರುತ್ತವೆ. ಬರಗಾಲದ ಮಾರನೆಯ ವರ್ಷ ಹಿರಿಯ ಗಂಡಿಗೂ ಬಡಕಲು ಕೊಂಬು ಬರಬಹುದು.

ತಲೆಯೊಳಗಿನ ಕೆಲಸ

ಹಣೆಯ ಮೂಳೆಯಿಂದ ಎರಡು ಗಿಡ್ಡ ಗುಬ್ಬಿಗಳು ಎದ್ದಿರುತ್ತವೆ. ಇವನ್ನು ಪೀಠ ಎನ್ನೋಣ. ಪೀಠ ಜೀವನಪೂರ್ತಿ ಉಳಿಯುತ್ತದೆ, ಅದರ ಮೇಲಿನ ಕೊಂಬು ಬಂದು ಹೋಗುತ್ತದೆ. ಕೊಂಬನ್ನು ಹುಟ್ಟಿಸುವ ಶಕ್ತಿ ಇರುವುದು ಪೀಠದ ಮೂಳೆಯನ್ನು ಹೊದ್ದಿರುವ ತೆಳುಪೊರೆಯಲ್ಲಿ. 1974ರಲ್ಲಿ ಜರ್ಮನಿಯ ಹಾರ್ಟ್‌ವಿಗ್ ಮತ್ತು ಶ್ರುಡ್ಡೆ ಎಂಬ ವಿಜ್ಞಾನಿಗಳು ಎಳೆ ಜಿಂಕೆಯ ಹಣೆಯಿಂದ ಆ ಪೊರೆಯ ತುಣುಕನ್ನು ತೆಗೆದು ಮುಂಗಾಲಿನ ಚರ್ಮದಡಿಯಲ್ಲಿ ಇರಿಸಿದರು. ಕೊಂಬು ಕಾಲಿನ ಮೇಲೆ ಬೆಳೆಯಿತು. ಈ ಪ್ರಯೋಗವನ್ನು ಹೇಳಿದಾಗ ಎಂಟನೆಯ ತರಗತಿಯ ಕೊನೆಯ ಬೆಂಚಿನವರೂ ಎದ್ದು ನಿಂತು ಕೇಳುತ್ತಿದ್ದರು. ಇವತ್ತಿಗೂ ಚೀನಾ ಮೊದಲಾದ ಕಡೆ ಈ ಪೊರೆಯ ಕಾಂಡಕೋಶಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ಕತ್ತರಿಸಿಹೋದ ಅಂಗವನ್ನು ಮತ್ತೆ ಬೆಳೆಸಲಾರದ ಮನುಷ್ಯರಿಗೆ ಅಲ್ಲಿ ಕಲಿಯಬೇಕಾದದ್ದು ಬಹಳವಿದೆ.

ಹಳೆಯ ಕೊಂಬು ಬಿದ್ದ ದಿನ ಪೀಠದ ತುದಿ ಹಸಿ ಗಾಯವಾಗಿರುತ್ತದೆ, ಸ್ವಲ್ಪ ರಕ್ತವೂ ಜಿನುಗುತ್ತದೆ. ಹಕ್ಕು ಕಟ್ಟುತ್ತದೆ. ಸುತ್ತಲಿನ ಚರ್ಮ ಅಂಚಿನಿಂದ ಒಳಕ್ಕೆ ಹರಿದುಬಂದು ಒಂದೆರಡು ವಾರಗಳಲ್ಲಿ ಗಾಯವನ್ನು ಮುಚ್ಚುತ್ತದೆ. ಕಲೆ ಉಳಿಯುವುದಿಲ್ಲ. ಆ ಚರ್ಮದಡಿಯಲ್ಲೇ ಹೊಸ ಕೊಂಬು ಉಬ್ಬಲು ಶುರುವಾಗುತ್ತದೆ. ಮೇಲಿನ ಚರ್ಮಕ್ಕೆ ಸಣ್ಣ, ದಟ್ಟ ರೋಮ ಇರುವುದರಿಂದ ಅದಕ್ಕೆ ವೆಲ್ವೆಟ್ ಎನ್ನುತ್ತಾರೆ. ಈ ಹಂತದ ಕೊಂಬನ್ನು ನಮ್ಮ ಕಡೆಯವರಿಗೆ ಅರ್ಥ ಮಾಡಿಸಲು ಬಿದಿರಿನ ಕಳಲೆಯನ್ನು ನೆನೆಸಿಕೊಳ್ಳಿ ಎನ್ನುತ್ತೇನೆ: ಮೊಂಡಾದ ತುದಿ, ಮೇಲೆ ರೋಮ, ಒಳಗೆ ಮೆತ್ತಗೆ, ಬೆಳವಣಿಗೆಯ ಭರವೆಲ್ಲ ತುದಿಯಲ್ಲಿ. ಬೇಗ ಬೆಳೆಯುವುದರಲ್ಲಿಯೂ ಹಾಗೆಯೇ. ಎಲ್ಕ್‌ನಂತಹ ದೊಡ್ಡ ಜಾತಿಗಳಲ್ಲಿ ಕೊಂಬು ದಿನಕ್ಕೆ ಎರಡು ಸೆಂಟಿಮೀಟರ್‌ನಷ್ಟು ಉದ್ದವಾಗುವುದುಂಟು. ಪ್ರಾಣಿಗಳ ದೇಹದಲ್ಲಿ ಮೂಳೆ ಇಷ್ಟು ವೇಗದಲ್ಲಿ ಬೆಳೆಯುವುದು ಬೇರೆಲ್ಲೂ ಇಲ್ಲ.

ತುದಿಯಲ್ಲಿ ಮೊದಲು ಮೃದ್ವಸ್ಥಿ ತಯಾರಾಗುತ್ತದೆ. ಕೆಳಗಿನ ಭಾಗದಲ್ಲಿ ಅದಕ್ಕೆ ಕ್ಯಾಲ್ಸಿಯಂ, ರಂಜಕ ತುಂಬಿ ಮೂಳೆಯಾಗುತ್ತಾ ಬರುತ್ತದೆ. ಅಷ್ಟೊಂದು ಖನಿಜವನ್ನು ಕೆಲವೇ ತಿಂಗಳಲ್ಲಿ ಹುಲ್ಲು, ಸೊಪ್ಪುಗಳಿಂದಲೇ ಒದಗಿಸಲು ಆಗುವುದಿಲ್ಲ. ಆದ್ದರಿಂದ ಪ್ರಾಣಿ ತನ್ನ ಪಕ್ಕೆಲುಬು ಮೊದಲಾದ ಮೂಳೆಗಳಿಂದ ಖನಿಜ ಸಾಲ ಪಡೆದು ಕೊಂಬಿಗೆ ಕೊಡುತ್ತದೆ, ಆಮೇಲೆ ತಿಂದು ಆ ಸಾಲ ತೀರಿಸುತ್ತದೆ. ಕಾಡಿನ ಉಪ್ಪುಮಣ್ಣಿನ ಜಾಗಗಳಿಗೆ ಜಿಂಕೆಗಳು ಬರುವುದು, ಬಿದ್ದ ಕೊಂಬನ್ನೇ ಕಡಿಯುವುದು, ಇವುಗಳ ಹಿಂದೆ ಇರುವುದು ಇದೇ ಖನಿಜದ ಹಸಿವು.

ಬೆಳವಣಿಗೆ ಮುಗಿಯುತ್ತಾ ಬಂದಂತೆ ಗಂಡಿನ ದೇಹದಲ್ಲಿ ಟೆಸ್ಟೊಸ್ಟೆರೋನ್ ಏರುತ್ತದೆ. ಮೂಳೆ ಗಟ್ಟಿಯಾಗುತ್ತದೆ, ವೆಲ್ವೆಟ್‌ಗೆ ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಸತ್ತು ಸುಲಿಯುತ್ತದೆ. ಈಗ ಉಳಿದದ್ದು ಒಣ ಮೂಳೆ; ಅದಕ್ಕೆ ನೋವೂ ಇಲ್ಲ, ಮುರಿದರೆ ಕೂಡುವುದೂ ಇಲ್ಲ. ಬೆದೆಗಾಲದ ಕಾದಾಟ ಈ ಕೊಂಬಿನಿಂದ. ಬೆದೆ ಮುಗಿದು ಹಾರ್ಮೋನ್ ಇಳಿದಾಗ ಪೀಠಕ್ಕೂ ಕೊಂಬಿಗೂ ನಡುವಿನ ಮೂಳೆಯ ಪದರವನ್ನು ವಿಶೇಷ ಕೋಶಗಳು ಕರಗಿಸತೊಡಗುತ್ತವೆ. ನಿನ್ನೆಯವರೆಗೆ ಇನ್ನೊಂದು ಗಂಡಿನ ತೂಕವನ್ನು ತಡೆದಿದ್ದ ಕೊಂಬು ಇವತ್ತು ಒಂದು ಪೊದೆ ತಗುಲಿದರೆ ಕಳಚಿ ಬೀಳುತ್ತದೆ. ವೃಷಣ ತೆಗೆದ ಜಿಂಕೆಯಲ್ಲಿ ಈ ಚಕ್ರ ಕೆಡುತ್ತದೆ ಎಂಬುದು ಅರಿಸ್ಟಾಟಲ್‌ನ ಕಾಲಕ್ಕೇ ಜನರಿಗೆ ಗೊತ್ತಿತ್ತು. ಈಗ ವಿವರ ತಿಳಿದಿದೆ: ಗಟ್ಟಿ ಕೊಂಬಿದ್ದಾಗ ವೃಷಣ ತೆಗೆದರೆ ಕೆಲವು ವಾರಗಳಲ್ಲಿ ಕೊಂಬು ಬೀಳುತ್ತದೆ, ಆಮೇಲೆ ಬೆಳೆಯುವ ಕೊಂಬು ವೆಲ್ವೆಟ್ ಕಳಚುವುದೇ ಇಲ್ಲ.

ಒಂದು ಪ್ರಶ್ನೆ ಉಳಿಯುತ್ತದೆ. ಹಾರ್ಮೋನಿಗೆ ಕಾಲ ಹೇಳಿಕೊಡುವವರು ಯಾರು? ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇದನ್ನು ಬೇರೆ ರೀತಿಯಲ್ಲಿ ಕೇಳಿದ್ದಳು. ಅವಳ ಮನೆಯ ಹಿತ್ತಲಿಗೆ ಬಿಳಿಬಾಲದ ಜಿಂಕೆಗಳು ಬರುತ್ತವೆ. ಅಲ್ಲಿ ನವೆಂಬರ್‌ನಲ್ಲಿ ಬೆದೆ, ಚಳಿಗಾಲ ಮುಗಿಯುವುದರೊಳಗೆ ಎಲ್ಲ ಗಂಡುಗಳ ತಲೆ ಬೋಳು, ಬೇಸಿಗೆಯಲ್ಲಿ ಎಲ್ಲವಕ್ಕೂ ವೆಲ್ವೆಟ್. "ನಮ್ಮ ನಾಗರಹೊಳೆಯಲ್ಲಿ ಒಂದೇ ಹಿಂಡಿನಲ್ಲಿ ಬೋಳು ತಲೆಯದೂ ಗಟ್ಟಿ ಕೊಂಬಿನದೂ ಒಟ್ಟಿಗೇ ಇರುತ್ತಿದ್ದವಲ್ಲ ಮೇಡಂ, ಅದೇಕೆ?" ಎಂದು ಕೇಳಿದಳು. ಅವಳು ಶಾಲೆಯಲ್ಲಿ ನೋಡಿದ್ದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡದ್ದೇ ನನಗೆ ದೊಡ್ಡ ಸಂತೋಷ.

ಉತ್ತರ ಹಗಲಿನ ಉದ್ದದಲ್ಲಿದೆ. ನ್ಯೂಜೆರ್ಸಿಯಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಆರು ಗಂಟೆಯ ಅಂತರ. ಮೈಸೂರಿನಲ್ಲಿ ಒಂದೂವರೆ ಗಂಟೆಯ ಆಸುಪಾಸು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ರಿಚರ್ಡ್ ಗಾಸ್ ಸಿಕಾ ಜಿಂಕೆಗಳನ್ನು ಕೃತಕ ಬೆಳಕಿನಲ್ಲಿಟ್ಟು ಪರೀಕ್ಷೆ ಮಾಡಿದರು. ಇಡೀ ವರ್ಷದ ಹಗಲಿನ ಏರಿಳಿತವನ್ನು ಆರು ತಿಂಗಳಿಗೆ ಕುಗ್ಗಿಸಿದಾಗ ಅವು ವರ್ಷಕ್ಕೆ ಎರಡು ಸಲ ಕೊಂಬು ಬದಲಿಸಿದವು. ಹಗಲು, ರಾತ್ರಿಗಳನ್ನು ಸದಾ ಹನ್ನೆರಡು ಗಂಟೆಯಂತೆ ಸಮವಾಗಿಟ್ಟಾಗ ಚಕ್ರವೇ ನಿಂತಂತಾಯಿತು. ಶೀತದೇಶದ ಜಿಂಕೆಗೆ ಬೆಳಕೇ ಯಜಮಾನ. ಅಲ್ಲಿ ಮರಿ ಚಳಿಯಲ್ಲಿ ಹುಟ್ಟಿದರೆ ಸಾಯುತ್ತದೆ, ಆದ್ದರಿಂದ ಎಲ್ಲವೂ ಒಂದೇ ಕಾಲಕ್ಕೆ ನಡೆಯಲೇಬೇಕು. ನಮ್ಮ ಚುಕ್ಕೆ ಜಿಂಕೆಗೆ ಆ ಬಲವಂತವಿಲ್ಲ. ಒಂದೊಂದು ಗಂಡೂ ಹೆಚ್ಚುಕಡಿಮೆ ಹನ್ನೆರಡು ತಿಂಗಳ ತನ್ನದೇ ಚಕ್ರವನ್ನು ನಡೆಸುತ್ತದೆ. ಹೆಚ್ಚಿನವು ಒಂದೇ ಋತುವಿನ ಸುತ್ತ ಸೇರಿದರೂ ಉಳಿದವು ಹಿಂದೆ ಮುಂದೆ ಚೆದರಿರುತ್ತವೆ. ಇದು ನೋಡುಗರಿಗೆ ಸಿಕ್ಕಿರುವ ಭಾಗ್ಯ: ಕಬಿನಿ ಹಿನ್ನೀರಿನ ದಡದಲ್ಲಿ ಒಂದೇ ಬೆಳಗ್ಗೆ ಕೊಂಬಿನ ಎಲ್ಲ ಅವಸ್ಥೆಗಳೂ ಸಿಗುತ್ತವೆ.

ಅವಸ್ಥೆಯನ್ನು ಗುರುತಿಸುವುದು

ನನ್ನ ಮಕ್ಕಳು ಐದು ಹೆಸರು ಇಟ್ಟುಕೊಂಡಿದ್ದರು: ಬೋಳು, ಮೊಳಕೆ, ಬೆಳೆ, ಸುಲಿತ, ಗಟ್ಟಿ. ನೀವೂ ಇವನ್ನೇ ಬಳಸಬಹುದು. ದುರ್ಬೀನು ಇದ್ದರೆ ಒಳ್ಳೆಯದು. 8x42 ಅಳತೆಯದು ಸಾಕು. ಇಲ್ಲದಿದ್ದರೆ ಹುಲ್ಲುಗಾವಲಿನ ಅಂಚಿನಲ್ಲಿ ವಾಹನ ನಿಂತಾಗ ಬರಿಗಣ್ಣಿಗೂ ಕಾಣುತ್ತದೆ.

ಬೋಳು ತಲೆಯ ಗಂಡನ್ನು ಜನ ಹೆಣ್ಣೆಂದು ಎಣಿಸಿಬಿಡುತ್ತಾರೆ. ಆದ್ದರಿಂದ ಹಿಂಡಿನಲ್ಲಿ ಮೊದಲು ಮೈಗಾತ್ರ ನೋಡಿ. ಬೆಳೆದ ಗಂಡಿನ ಕತ್ತು ದಪ್ಪ, ಮುಖದ ಗುರುತುಗಳು ಕಪ್ಪು, ಹೊಟ್ಟೆಯಡಿ ಶಿಶ್ನದ ಚೀಲ ಕಾಣುತ್ತದೆ. ಆಮೇಲೆ ಕಿವಿಗಳ ನಡುವೆ ಎರಡು ಗುಂಡು ಗುರುತುಗಳನ್ನು ಹುಡುಕಿ. ಕೆಂಪಾಗಿದ್ದರೆ ಕೊಂಬು ಈಗಷ್ಟೇ ಬಿದ್ದಿದೆ. ಬೂದು, ಕಪ್ಪು ಬಣ್ಣವಾಗಿದ್ದರೆ ಚರ್ಮ ಮುಚ್ಚಿಕೊಂಡಿದೆ. ಒಂದೇ ಕೊಂಬು ಇರುವ ಗಂಡು ಕಂಡರೆ ಅಯ್ಯೋ ಪಾಪ ಎನ್ನಬೇಡಿ. ಎರಡೂ ಒಂದೇ ಕ್ಷಣದಲ್ಲಿ ಬೀಳಬೇಕೆಂದಿಲ್ಲ, ನಡುವೆ ಗಂಟೆಗಳೋ ದಿನಗಳೋ ಕಳೆಯಬಹುದು. ಕಾದಾಟದಲ್ಲಿ ಮುರಿದದ್ದಾದರೆ ಬುಡದಲ್ಲಿ ಚೂಪು ಮೋಟು ಉಳಿದಿರುತ್ತದೆ. ತಾನಾಗಿ ಬಿದ್ದದ್ದಾದರೆ ಪೀಠದ ಮೇಲೆ ಚಪ್ಪಟೆ ಗಾಯ.

ಮೊಳಕೆ ಎಂದರೆ ಕಿವಿಗಿಂತ ಗಿಡ್ಡದಾದ, ಕವಲಿಲ್ಲದ ರೋಮದ ಗುಬ್ಬಿ. ಕವಲು ಶುರುವಾದ ಮೇಲೆ ಅದು ಬೆಳೆ. ಇಲ್ಲಿ ತುದಿಯನ್ನೇ ನೋಡಬೇಕು. ವೆಲ್ವೆಟ್ ಕೊಂಬಿನ ತುದಿ ಮೊಂಡು, ದಂಡ ದಪ್ಪ. ಗಟ್ಟಿ ಕೊಂಬಿನ ತುದಿ ಚೂಪು, ತೆಳು. ಉದ್ದದಲ್ಲಿ ಎರಡೂ ಸಮವಾಗಿದ್ದರೂ ತುದಿ ಮೋಸ ಮಾಡುವುದಿಲ್ಲ. ಸೂರ್ಯ ಪ್ರಾಣಿಯ ಹಿಂದಿರುವಾಗ ವೆಲ್ವೆಟ್‌ನ ಅಂಚಿನ ರೋಮಕ್ಕೆ ಬೆಳಕು ಹಿಡಿದು ಕೊಂಬಿನ ಸುತ್ತ ಹೊಳೆಯುವ ಗೆರೆ ಕಾಣುತ್ತದೆ. ಬೆಳಗ್ಗೆ ಏಳರ ಹೊತ್ತಿನ ಓರೆ ಬಿಸಿಲು ಇದಕ್ಕೆ ಪ್ರಶಸ್ತ.

ಸುಲಿತ ಸಿಗುವುದು ಕಷ್ಟ. ಚರ್ಮ ಕಳಚುವುದು ಒಂದೆರಡು ದಿನಗಳ, ಕೆಲವೊಮ್ಮೆ ಕೆಲವೇ ಗಂಟೆಗಳ ಕೆಲಸ. ರಕ್ತಸಿಕ್ತ ಚಿಂದಿಗಳು ಮುಖದ ಮೇಲೆ ಜೋತಾಡುತ್ತವೆ, ಪ್ರಾಣಿ ಅವನ್ನು ಗಿಡಗಳಿಗೆ ಉಜ್ಜುತ್ತದೆ, ಕೆಲವು ಸಲ ತಿಂದೂಬಿಡುತ್ತದೆ. ಇದನ್ನು ಕಂಡವರು ಗಾಯಗೊಂಡ ಜಿಂಕೆ ಎಂದು ಅರಣ್ಯ ಸಿಬ್ಬಂದಿಗೆ ಹೇಳುವುದುಂಟು. ಅದು ಗಾಯವಲ್ಲ. ಬೇರೆಯವರಿಗಿಂತ ನಿಮಗೆ ಅದೃಷ್ಟ ಹೆಚ್ಚಿದೆ ಎಂದುಕೊಂಡು, ವಾಹನ ನಿಲ್ಲಿಸಲು ಸಾಧ್ಯವಿದ್ದಷ್ಟು ಹೊತ್ತು ಕಣ್ತುಂಬ ನೋಡಿ.

ಗಟ್ಟಿ ಕೊಂಬಿನ ಬಣ್ಣ ಕಂದು. ಮರದ ರಸ, ಒಣಗಿದ ರಕ್ತ, ಮಣ್ಣು ಇವೆಲ್ಲ ಅಂಟಿ ಬರುವ ಬಣ್ಣ ಅದು. ಮೊನೆಗಳು ಉಜ್ಜಿ ಉಜ್ಜಿ ಬೆಳ್ಳಗಾಗಿರುತ್ತವೆ.

ಅನುಮಾನ ಬಂದರೆ ನಡತೆಯನ್ನು ಗಮನಿಸಿ. ವೆಲ್ವೆಟ್ ಇರುವ ಗಂಡು ಕೊಂಬನ್ನು ಎಲ್ಲೂ ತಗುಲಿಸುವುದಿಲ್ಲ. ಜಗಳ ಬಂದರೆ ಹಿಂಗಾಲ ಮೇಲೆ ಎದ್ದು ಮುಂಗಾಲಿನಿಂದ ಗುದ್ದುತ್ತದೆ. ಗಟ್ಟಿ ಕೊಂಬಿನದು ಪೊದೆಗಳನ್ನು ಬಡಿಯುತ್ತದೆ, ಹುಲ್ಲನ್ನು ಕೊಂಬಿಗೆ ಸಿಕ್ಕಿಸಿಕೊಂಡು ತಿರುಗುತ್ತದೆ, ಹಿಂಗಾಲ ಮೇಲೆ ನಿಂತು ತಲೆಯ ಮೇಲಿನ ಕೊಂಬೆಗೆ ಕೊಂಬು, ಮುಖಗಳನ್ನು ಉಜ್ಜಿ ಕಣ್ಣಿನ ಬಳಿಯ ಗ್ರಂಥಿಯ ವಾಸನೆಯನ್ನು ಬಿಟ್ಟು ಹೋಗುತ್ತದೆ. ಕಡವೆ ಎಳೆಯ ಮರಗಳ ತೊಗಟೆ ಸುಲಿಯುವಷ್ಟು ಉಜ್ಜುತ್ತದೆ. ಮನುಷ್ಯನ ಸೊಂಟದಿಂದ ಎದೆಯ ಎತ್ತರಕ್ಕೆ ತೊಗಟೆ ಕಿತ್ತ ಗಿಡಗಳು ಸಾಲಾಗಿ ಕಂಡರೆ ಆ ಭಾಗದಲ್ಲಿ ಗಟ್ಟಿ ಕೊಂಬಿನ ಕಡವೆ ಓಡಾಡುತ್ತಿದೆ ಎಂದು ತಿಳಿಯಿರಿ.

ಯಾವ ತಿಂಗಳಲ್ಲಿ ಏನು

ನಮ್ಮ ಭಾಗದಲ್ಲಿ ಚುಕ್ಕೆ ಜಿಂಕೆಯ ಗಟ್ಟಿ ಕೊಂಬುಗಳು ಹೆಚ್ಚಾಗಿ ಕಾಣುವುದು ಬೇಸಿಗೆಯಿಂದ ಮುಂಗಾರಿನವರೆಗೆ. ಭರಣಿ, ಕೃತ್ತಿಕೆ ಮಳೆ ಬಿದ್ದು ಹುಲ್ಲು ಚಿಗುರಿದಾಗ ಗಂಡುಗಳ ಒರಟು ಕೂಗು ಬೆಳಗಿನ ಜಾವ ಊರಿನವರೆಗೂ ಕೇಳಿಸುತ್ತದೆ. ರೋಹಿಣಿ, ಮೃಗಶಿರಾ ಮಳೆಯ ದಿನಗಳಲ್ಲಿ ಹಿಂಡುಗಳು ದೊಡ್ಡವಾಗಿರುತ್ತವೆ, ಕಾದಾಟ ಜೋರು. ಮಳೆಗಾಲದ ಕೊನೆಯ ಹೊತ್ತಿಗೆ ಬೋಳು ತಲೆಗಳು ಹೆಚ್ಚಾಗುತ್ತವೆ. ಚಳಿಗಾಲದಲ್ಲಿ ವೆಲ್ವೆಟ್ ಹೆಚ್ಚು. ಇದು ಹೆಚ್ಚಿನವುಗಳ ಲೆಕ್ಕ. ಡಿಸೆಂಬರ್‌ನಲ್ಲಿ ಗಟ್ಟಿ ಕೊಂಬಿನದು ಕಂಡರೆ ಅಚ್ಚರಿಪಡಬೇಕಾಗಿಲ್ಲ.

ಕಡವೆಯ ವರ್ಷ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಅದರ ಬೆದೆ ನವೆಂಬರ್, ಡಿಸೆಂಬರ್ ಸುಮಾರಿಗೆ ಜೋರಾಗುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವೆ ಕೊಂಬು ಬೀಳುವುದು ಸಾಮಾನ್ಯ. ಮಳೆಗಾಲವಿಡೀ ವೆಲ್ವೆಟ್ ಬೆಳೆದು, ಮಳೆ ನಿಂತ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಮೇ, ಜೂನ್‌ನಲ್ಲಿ ಒಂದೇ ಸಫಾರಿಯಲ್ಲಿ ಗಟ್ಟಿ ಕೊಂಬಿನ ಚುಕ್ಕೆ ಜಿಂಕೆಯನ್ನೂ ಮೊಳಕೆಯ ಕಡವೆಯನ್ನೂ ನೋಡಬಹುದು. ಎರಡನ್ನೂ ಹೋಲಿಸಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ನನ್ನನ್ನು ಕೇಳಿದರೆ ಹುಲಿಗಾಗಿ ಬೇಸಿಗೆಯ ಕೆರೆಗಳ ಬಳಿ ಕಾಯುವವರು ಇನ್ನೊಂದು ತಿಂಗಳು ತಡೆದು ಬರಬೇಕು.

ಬೆದೆಗಾಲಕ್ಕೆ ಬೆಲೆಯೂ ಇದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲಿಗಳು ಚುಕ್ಕೆ ಜಿಂಕೆ, ಕಡವೆಗಳ ಬೆಳೆದ ಗಂಡುಗಳನ್ನು ಅವುಗಳ ಸಂಖ್ಯೆಗೆ ಮೀರಿ ಬೇಟೆಯಾಡುವುದು ಕಂಡಿತ್ತು. ಹೆಣ್ಣಿನ ಹಿಂದೆ ಒಂಟಿಯಾಗಿ ಅಲೆಯುವ, ಮೇಯುವುದನ್ನೇ ಮರೆತ, ತಲೆಯ ಮೇಲೆ ಭಾರ ಹೊತ್ತ ಗಂಡನ್ನು ಒಮ್ಮೆ ನೋಡಿದರೆ ಕಾರಣ ಊಹಿಸುವುದು ಕಷ್ಟವಲ್ಲ.

ಬರೆದಿಡುವುದು

ನೋಡಿದ್ದನ್ನು ಬರೆಯದಿದ್ದರೆ ಈ ಕೆಲಸದ ಅರ್ಧ ಸಂತೋಷ ಕೈಬಿಟ್ಟುಹೋಗುತ್ತದೆ. ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ದಿನಾಂಕ, ಜಾಗ, ಪ್ರಾಣಿ, ಬೆಳೆದ ಗಂಡುಗಳ ಒಟ್ಟು ಸಂಖ್ಯೆ, ಐದು ಅವಸ್ಥೆಗಳಿಗೆ ಐದು ಕಲಂ. ಎಳೆಯ ಕಡ್ಡಿಕೊಂಬಿನವಕ್ಕೆ ಬೇರೆ ಕಲಂ ಹಾಕಿ. ಅವು ದೊಡ್ಡವುಗಳೊಂದಿಗೆ ಸೇರಿದರೆ ಲೆಕ್ಕ ಕೆಡುತ್ತದೆ. ದೂರವಿದ್ದು ಸ್ಪಷ್ಟವಾಗದವನ್ನು ಊಹಿಸಿ ಬರೆಯಬೇಡಿ, ಅವಕ್ಕೊಂದು ಪ್ರಶ್ನಾರ್ಥಕ ಕಲಂ ಇರಲಿ. ತಿಂಗಳ ಕೊನೆಗೆ ನೂರಕ್ಕೆ ಎಷ್ಟು ಗಟ್ಟಿ, ಎಷ್ಟು ವೆಲ್ವೆಟ್ ಎಂದು ಲೆಕ್ಕ ಹಾಕಿ ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಎರಡನೆಯ ವರ್ಷ ಅದೇ ಹಾಳೆಯ ಮೇಲೆ ಬೇರೆ ಬಣ್ಣದಲ್ಲಿ ಗೆರೆ ಎಳೆಯಿರಿ. ಮಳೆ ತಡವಾದ ವರ್ಷಕ್ಕೂ ಚೆನ್ನಾಗಿ ಬಂದ ವರ್ಷಕ್ಕೂ ಗೆರೆ ಹೇಗೆ ಸರಿಯುತ್ತದೆ ಎಂಬುದನ್ನು ನಿಮ್ಮ ಕಣ್ಣಿಂದಲೇ ನೋಡಬೇಕು, ಬೇರೆಯವರು ಹೇಳಿದರೆ ಸಾಲದು.

ಒಂದೇ ಗಂಡನ್ನು ವರ್ಷವಿಡೀ ಹಿಂಬಾಲಿಸುವ ಆಸೆಯಿದ್ದರೆ ಕೊಂಬನ್ನು ನಂಬಬೇಡಿ, ಚುಕ್ಕೆಗಳನ್ನು ನಂಬಿ. ಕೊಂಬು ಹೋಗುತ್ತದೆ, ಮೈಮೇಲಿನ ಚುಕ್ಕೆಗಳ ಜೋಡಣೆ ಬದಲಾಗುವುದಿಲ್ಲ. ಎರಡೂ ಪಕ್ಕೆಗಳ ಫೋಟೊ ತೆಗೆದಿಡಿ. ಎಡಕ್ಕೂ ಬಲಕ್ಕೂ ಜೋಡಣೆ ಬೇರೆ ಇರುತ್ತದೆ. ಕಿವಿಯ ಹರುಕು, ಹಳೆಯ ಗಾಯದ ಕಲೆಯೂ ಸಹಾಯಕ್ಕೆ ಬರುತ್ತವೆ. ಕಾಡಿಗೆ ಮತ್ತೆ ಮತ್ತೆ ಹೋಗುವುದು ಎಲ್ಲರ ಕೈಲಿ ಆಗುವ ಮಾತಲ್ಲ, ಖರ್ಚಿನ ವಿಷಯ. ಅಂಥವರಿಗೆ 1892ರಲ್ಲಿ ಆರಂಭವಾದ ಮೈಸೂರಿನ ಚಾಮರಾಜೇಂದ್ರ ಮೃಗಾಲಯ ಇದೆ. ಮಂಗಳವಾರ ರಜೆ. ಬೆಂಗಳೂರಿನವರಿಗೆ ಬನ್ನೇರುಘಟ್ಟ ಹತ್ತಿರ. ಅಲ್ಲಿನ ಗಂಡುಗಳನ್ನು ತಿಂಗಳಿಗೊಮ್ಮೆ ಹೋಗಿ ನೋಡಿದರೆ ಮೊಳಕೆಯಿಂದ ಗಟ್ಟಿಯವರೆಗಿನ ಹಾದಿ ಕಾಡಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಮಕ್ಕಳಿಗೆ ನಾನು ಸೂಚಿಸುವುದು ಇದನ್ನೇ.

ಕೊಂಬುಗಳು ಎರಡೂ ಬದಿ ಸಮವಾಗಿವೆಯೇ ಎಂಬುದನ್ನೂ ಬರೆದಿಡಿ. ಪೀಠಕ್ಕೆ ಪೆಟ್ಟಾಗಿದ್ದರೆ ಆ ಬದಿಯ ಕೊಂಬು ವರ್ಷ ವರ್ಷವೂ ಸೊಟ್ಟಗೆ ಬರಬಹುದು. ವೆಲ್ವೆಟ್ ಇದ್ದಾಗ ಮಾತ್ರ ಪೆಟ್ಟಾಗಿದ್ದರೆ ಮುಂದಿನ ಕೊಂಬು ಸರಿಯಾಗಿ ಬರುತ್ತದೆ. ಹಿಂಗಾಲಿಗೆ ದೊಡ್ಡ ಗಾಯವಾದ ಜಿಂಕೆಗಳಲ್ಲಿ ಎದುರು ಬದಿಯ ಕೊಂಬು ಕುಂಠಿತವಾಗುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಕುಂಟುವ ಗಂಡು ಕಂಡರೆ ತಲೆಯ ಆಚೆ ಬದಿ ನೋಡಲು ಮರೆಯಬೇಡಿ.

ಬಿದ್ದ ಕೊಂಬು ಕಂಡರೆ

ಕಾಡಂಚಿನ ಹೊಲ, ಕೊಡಗಿನ ಕಾಫಿ ತೋಟ, ಕೆರೆಯ ಏರಿ, ಇಂಥ ಕಡೆ ಕೊಂಬು ಬಿದ್ದಿರುವುದು ಕಾಣುತ್ತದೆ. ತಾನಾಗಿ ಬಿದ್ದದ್ದಲ್ಲವೇ, ಯಾರಿಗೂ ನೋವಾಗಿಲ್ಲವಲ್ಲ ಎಂದು ಮನೆಗೆ ಒಯ್ಯುವವರಿದ್ದಾರೆ. ಒಯ್ಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು. ಇಟ್ಟುಕೊಳ್ಳುವುದು, ಮಾರುವುದು, ಕತ್ತಿಯ ಹಿಡಿ ಮಾಡಿಸುವುದು ಎಲ್ಲವೂ ಅಪರಾಧ. ಇದು ಅತಿಯಾಯಿತು ಎಂದು ಕೆಲವರು ವಾದಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಿದ್ದ ಕೊಂಬಿಗೆ ಬೆಲೆ ಬಂದ ದಿನ ಬೀಳದ ಕೊಂಬಿಗೂ ಬೆಲೆ ಬರುತ್ತದೆ. ಮಾರುವವನ ಕೈಯಲ್ಲಿರುವ ತುಂಡು ಯಾವುದರಿಂದ ಬಂದದ್ದು ಎಂದು ಗೊತ್ತಾಗುವುದಿಲ್ಲ. ಮೇಲಾಗಿ ಅದು ಕಾಡಿಗೆ ಬೇಕು. ಮುಳ್ಳುಹಂದಿಗಳು ಅದನ್ನು ಕಡಿದು ಖನಿಜ ಪಡೆಯುತ್ತವೆ, ಜಿಂಕೆಗಳೂ ಕಡಿಯುತ್ತವೆ. ಮುಳ್ಳುಹಂದಿ ಕಡಿದಿದ್ದರೆ ಬಾಚಿಹಲ್ಲಿನ ಅಗಲ ಗೀರುಗಳು ಒತ್ತೊತ್ತಾಗಿ ಕಾಣುತ್ತವೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಅಭಯಾರಣ್ಯದ ಒಳಗೆ ವಾಹನದಿಂದ ಇಳಿಯುವ ಪ್ರಶ್ನೆಯೇ ಇಲ್ಲ. ನಿಮ್ಮ ತೋಟದಲ್ಲಿಯೇ ಸಿಕ್ಕಿದ್ದಾದರೆ ಮುಟ್ಟದೆ ಬಾಗಿ ಅದರ ಬುಡವನ್ನು ನೋಡಿ. ತಾನಾಗಿ ಉದುರಿದ ಕೊಂಬಿನ ಬುಡದಲ್ಲಿ ಗಂಟುಗಂಟಾದ ಮೂಳೆಯ ಉಂಗುರವಿದ್ದು, ಅಡಿಭಾಗ ಒರಟಾಗಿ, ತುಸು ಉಬ್ಬಿ ಮುಗಿದಿರುತ್ತದೆ. ಉಂಗುರದ ಕೆಳಗೆ ಇನ್ನಷ್ಟು ಮೂಳೆ ಅಂಟಿಕೊಂಡಿದ್ದರೆ ಅದು ಪೀಠ. ಅಂದರೆ ಕೊಂಬು ಬಂದದ್ದು ಸತ್ತ ಪ್ರಾಣಿಯ ತಲೆಯಿಂದ. ಮಲೆನಾಡು, ಕೊಡಗಿನ ಹಳೆಯ ಮನೆಗಳ ಗೋಡೆಯ ಮೇಲೆ ಜೋಡಿಯಾಗಿ ಕೂಡಿಸಿದ ಕೊಂಬುಗಳನ್ನು ಕಂಡರೂ ಇದೇ ಪರೀಕ್ಷೆ ಮಾಡಿ. ಅವುಗಳಲ್ಲಿ ಹೆಚ್ಚಿನವು ತಲೆಬುರುಡೆಯ ತುಣುಕಿನ ಸಮೇತ ಇರುತ್ತವೆ, ಅಂದರೆ ಬೇಟೆಯಲ್ಲಿ ಬಂದವು. ಹಾಗೆ ಮನೆಯಲ್ಲಿ ಉಳಿದುಬಂದವಕ್ಕೆ ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಇರಬೇಕು.

ತೋಟದಲ್ಲಿ ಸಿಕ್ಕಿದ ಕೊಂಬಿನ ಪಕ್ಕ ಒಂದು ಪೆನ್ನನ್ನೋ ಅಳತೆಪಟ್ಟಿಯನ್ನೋ ಇಟ್ಟು ಬುಡದ್ದು, ಪೂರ್ತಿಯದ್ದು ಎರಡು ಫೋಟೊ ತೆಗೆಯಿರಿ. ದಿನಾಂಕ, ಜಾಗಗಳನ್ನು ಬರೆದು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ. ಉಂಗುರದ ಕೆಳಗೆ ಮೂಳೆ ಇದ್ದು ಅದರ ಅಂಚು ಗರಗಸ ಹಾಕಿದಂತೆ ನೇರವಾಗಿ ಕತ್ತರಿಸಿದ್ದರೆ, ಅಥವಾ ಸುತ್ತಮುತ್ತ ಉರುಳಿನ ತಂತಿ ಕಂಡರೆ, ಸಂಜೆಯವರೆಗೆ ಕಾಯದೆ ಕೂಡಲೇ ಫೋನ್ ಮಾಡಿ, ಅವರು ಬರುವವರೆಗೆ ಆ ಜಾಗದಲ್ಲಿ ಯಾರೂ ಓಡಾಡದಂತೆ ನೋಡಿಕೊಳ್ಳಿ.